30 ಡಿಗ್ರಿ ಹಾಲು, 28 ಡಿಗ್ರಿ ರೇಟು

ಜುಲೈ ತಿಂಗಳ ಒಂದು ಬೆಳಿಗ್ಗೆ, ಇನ್ನೂ ಏಳು ಗಂಟೆ ಆಗಿರಲಿಲ್ಲ, ಊರಿನಿಂದ ಮಾವ ಫೋನು ಮಾಡಿದರು. ಸ್ವಂತ ಮಾವ ಅಲ್ಲ, ಅಪ್ಪನ ಜೊತೆ ಓದಿದವರು. ಪಾಂಡವಪುರದ ಕಡೆಯ ನಮ್ಮೂರಿನಲ್ಲಿ ಒಂದು ಸಣ್ಣ ಡೈರಿಯ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಅವರ ಮಾತಿನ ಹಿಂದೆ ಹಾಲಿನ ಕ್ಯಾನು ಇಳಿಸುವ ಸದ್ದು ಕೇಳುತ್ತಿತ್ತು.

"ಎದ್ದಿದ್ದೀಯೇನವ್ವ? ಒಸಿ ನಿನ್ ಕಂಪ್ಯೂಟರ್ ಲೆಕ್ಕ ನೋಡವ್ವ. ನಿಮ್ ಚಿಕ್ಕವ್ವ ಇಲ್ಲೇ ನಿಂತವ್ಳೆ. ಡಿಗ್ರಿ ಮೂವತ್ತು ಬಂದ್ರೂ ರೇಟು ಮ್ಯಾಕ್ಕೆ ಏಳ್ತಾ ಇಲ್ಲ ಅಂತಾವ್ಳೆ. ನಾನೂ ಪುಸ್ತಕ ನೋಡ್ದೆ, ಅವ್ಳು ಹೇಳಾದು ದಿಟ ಕನವ್ವ."

ಆ ಡೈರಿಯ ತಂತ್ರಾಂಶ ಬರೆದವಳು ನಾನೇ. ನಾಲ್ಕು ವರ್ಷ ಆಯಿತು. ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ, ಮನೆಯಿಂದಲೇ ಕೆಲಸ. ಬೇರೆ ಬೇರೆ ಕಂಪನಿಗಳಿಗೆ ಡೇಟಾಬೇಸ್ ಕೆಲಸ ಮಾಡಿಕೊಡುತ್ತೇನೆ. ಊರಿನ ಡೈರಿಯದ್ದು ಅವುಗಳಲ್ಲೆಲ್ಲ ಚಿಕ್ಕದು, ನನಗೆ ಎಲ್ಲಕ್ಕಿಂತ ಹತ್ತಿರದ್ದು. 112 ಮನೆಗಳವರು ಎರಡು ಹೊತ್ತು ಹಾಲು ಹಾಕುತ್ತಾರೆ. ನಮ್ಮವ್ವನೂ ಒಂದು ಕಾಲಕ್ಕೆ ಹಾಕುತ್ತಿದ್ದಳು. ನನ್ನ ಪಿಯುಸಿ ಫೀಸು ಕಟ್ಟಿದ್ದು ವಾರದ ಬಟವಾಡೆಯ ದುಡ್ಡಿನಿಂದ. ಹಾಗಾಗಿ ಆ ಫೋನು ಬಂದ ಮೇಲೆ ನನಗೆ ಕಾಫಿ ಕುಡಿಯುವುದಕ್ಕೂ ಮನಸ್ಸಾಗಲಿಲ್ಲ.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಸ್ಟೋರ್ಡ್ ಫಂಕ್ಷನ್‌ಗೆ (ಡೇಟಾಬೇಸಿನ ಒಳಗೇ ಬರೆದಿಡುವ ಸಣ್ಣ ಪ್ರೋಗ್ರಾಮಿಗೆ) ಡೀಬಗರ್, ಅಂದರೆ ಪ್ರೋಗ್ರಾಮನ್ನು ಸಾಲು ಸಾಲಾಗಿ ನಿಲ್ಲಿಸಿ ತಪ್ಪು ಹುಡುಕುವ ಸಾಧನ, ಹಾಕಿಕೊಳ್ಳುವುದು ಹೇಗೆ ಎಂದು ಕೆಲವರು ನನ್ನನ್ನು ಕೇಳಿದ್ದರು. ಅದನ್ನೇ ಬರೆಯುತ್ತಿದ್ದೇನೆ. ಆದರೆ ಅದು ಯಾಕೆ ಬೇಕು ಎನ್ನುವುದು ನನಗೆ ಮನವರಿಕೆಯಾದದ್ದು ಈ ಹಾಲಿನ ಲೆಕ್ಕದಿಂದ. ಅದಕ್ಕೇ ಮೊದಲು ಹಾಲಿನ ವಿಷಯ.

ಹಳ್ಳಿಯಲ್ಲಿ ಡಿಗ್ರಿ ಎನ್ನುವುದು ಲ್ಯಾಕ್ಟೋಮೀಟರ್ ತೋರಿಸುವ ಅಂಕಿ. ಗಾಜಿನ ಆ ಕಡ್ಡಿಯನ್ನು ಹಾಲಿನಲ್ಲಿ ತೇಲಿಬಿಟ್ಟರೆ ಹಾಲು ನೀರಿಗಿಂತ ಎಷ್ಟು ತೂಕ ಎಂದು ಗೊತ್ತಾಗುತ್ತದೆ. 30 ಎಂದರೆ ನೀರು 1 ಇರುವ ಕಡೆ ಹಾಲು 1.030. ಹಾಲಿನ ಬಿಸಿ ಹೆಚ್ಚುಕಮ್ಮಿ ಇದ್ದರೆ ಟೆಸ್ಟರ್ ಅದಕ್ಕೆ ತಕ್ಕಂತೆ ಅಂಕಿಯನ್ನು ತಿದ್ದಿ ಬರೆದುಕೊಳ್ಳುತ್ತಾನೆ. ಫ್ಯಾಟ್ ಅಳೆಯುವುದಕ್ಕೆ ಬೇರೆ ಯಂತ್ರ. ಇವೆರಡರಿಂದ ಎಸ್‌ಎನ್‌ಎಫ್ ಲೆಕ್ಕ ಹಾಕುತ್ತಾರೆ. ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ: ಪ್ರೋಟೀನು, ಹಾಲಿನ ಸಕ್ಕರೆ, ಖನಿಜ. ನಮ್ಮ ಡೈರಿ ಬಳಸುವ ಸೂತ್ರ ಹೀಗಿದೆ: ಡಿಗ್ರಿಯನ್ನು 4ರಿಂದ ಭಾಗಿಸಬೇಕು, ಫ್ಯಾಟನ್ನು 0.25ರಿಂದ ಗುಣಿಸಿ ಅದಕ್ಕೆ ಸೇರಿಸಬೇಕು, ಕೊನೆಗೆ 0.44 ಕೂಡಿಸಬೇಕು. ಕೊನೆಯ ಅಂಕಿ ಎಲ್ಲ ಕಡೆ ಒಂದೇ ಇರುವುದಿಲ್ಲ, ಬೇರೆ ಕಡೆ ಬೇರೆ ಇಟ್ಟುಕೊಂಡಿರುತ್ತಾರೆ. ನಾಲ್ಕರಿಂದ ಭಾಗಿಸುವುದು ಮಾತ್ರ ನಾನು ನೋಡಿದ ಎಲ್ಲ ಸೂತ್ರಗಳಲ್ಲೂ ಇದೆ.

ಚಿಕ್ಕವ್ವನ ಅವತ್ತಿನ ಹಾಲು ಆರೂವರೆ ಲೀಟರ್, ಫ್ಯಾಟ್ 3.8, ಡಿಗ್ರಿ 30. ಫೋನು ಕಿವಿಗಿಟ್ಟುಕೊಂಡೇ ಹಳೆ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡೆ.

ಈ ಲೆಕ್ಕವನ್ನೆಲ್ಲ ನಾನು ಡೇಟಾಬೇಸಿನ ಒಳಗೇ ಇಟ್ಟಿದ್ದೇನೆ. ಕೌಂಟರಿನ ಕಂಪ್ಯೂಟರಿನಲ್ಲಿ ಒಂದು ಆಪ್, ಮಾವನ ಮೊಬೈಲಿನಲ್ಲಿ ಒಂದು. ಎರಡೂ ಬೇರೆ ಬೇರೆ ಲೆಕ್ಕ ಹಾಕಿ ಬೇರೆ ಬೇರೆ ರೇಟು ತೋರಿಸಬಾರದು ಎಂದು ಸ್ಟೋರ್ಡ್ ಫಂಕ್ಷನ್ ಬರೆದಿದ್ದೆ. ಹಾಲಿನ ಒಂದು ಸಾಲು ಟೇಬಲ್‌ಗೆ ಬಿದ್ದ ಕೂಡಲೇ ಒಂದು ಟ್ರಿಗರ್ ಫಂಕ್ಷನ್ ಎದ್ದು ಎಸ್‌ಎನ್‌ಎಫ್ ಲೆಕ್ಕ ಹಾಕುತ್ತದೆ. ಅದನ್ನು ದರಪಟ್ಟಿ ನೋಡುವ ಇನ್ನೊಂದು ಫಂಕ್ಷನ್‌ಗೆ ಕೊಡುತ್ತದೆ. ಅಲ್ಲಿಂದ ರೇಟು ಬಂದ ಮೇಲೆ ಕಡಿತ, ಪ್ರೋತ್ಸಾಹಧನ ಎಲ್ಲ ಕಳೆದು ಕೂಡಿ ಮೊತ್ತ ಬರೆಯುತ್ತದೆ. ಎಲ್ಲ ಸೇರಿ ನಾನೂರು ಸಾಲು ಇರಬಹುದು. ಚೀಟಿಯಲ್ಲಿ ಅಚ್ಚಾಗುವುದು ಲೀಟರ್, ಫ್ಯಾಟ್, ಡಿಗ್ರಿ, ರೇಟು, ಮೊತ್ತ. ಎಸ್‌ಎನ್‌ಎಫ್ ಅಚ್ಚಾಗುತ್ತಿರಲಿಲ್ಲ. ಅದು ನಾನು ಮಾಡಿದ ತಪ್ಪು. ಅಚ್ಚಾಗಿದ್ದರೆ ಚಿಕ್ಕವ್ವನೇ ಮೊದಲ ವಾರದಲ್ಲಿ ಹಿಡಿದುಬಿಡುತ್ತಿದ್ದಳು.

ನನ್ನ ಮೊದಲ ಅನುಮಾನ ಹೋದದ್ದು ದರಪಟ್ಟಿಯ ಮೇಲೆ. ಅದರಲ್ಲಿ ಎಸ್‌ಎನ್‌ಎಫ್‌ನ ಪ್ರತಿ 0.1ಕ್ಕೂ ಒಂದು ಮೆಟ್ಟಿಲು, ಮೆಟ್ಟಿಲಿಗೆ 20 ಪೈಸೆ. ಅಂಚಿನ ಅಂಕಿ ಎಲ್ಲೋ ಪಕ್ಕದ ಮೆಟ್ಟಿಲಿಗೆ ಜಾರುತ್ತಿದೆ ಅಂದುಕೊಂಡೆ. ಎಲ್ಲರೂ ಮಾಡುವಂತೆ ಫಂಕ್ಷನ್ ಒಳಗೆ ಅಲ್ಲಲ್ಲಿ ರೈಸ್ ನೋಟೀಸ್ ಹಾಕಿದೆ, ಅಂದರೆ ಆ ಜಾಗಕ್ಕೆ ಬಂದಾಗ ಇರುವ ಅಂಕಿಯನ್ನು ಪರದೆಗೆ ಬರೆಸುವ ಸಾಲು. ದರಪಟ್ಟಿಯ ಮುಂಚೆ ಒಂದು, ಆಮೇಲೆ ಒಂದು, ಕಡಿತದ ಹತ್ತಿರ ಎರಡು. ಓಡಿಸಿದೆ. ಎಸ್‌ಎನ್‌ಎಫ್ 8.4 ಎಂದು ಬಂತು. 8.4ಕ್ಕೆ ದರಪಟ್ಟಿ ಎಷ್ಟು ಕೊಡಬೇಕೋ ಅಷ್ಟೇ ಕೊಟ್ಟಿತ್ತು. ಕಡಿತವೂ ಸರಿ. ಹಸುವಿನ ಹಾಲಿಗೆ 8.4 ಎನ್ನುವುದು ಏನೇನೂ ವಿಚಿತ್ರವಲ್ಲದ ಅಂಕಿ. ದಿನಕ್ಕೆ ಹತ್ತಾರು ಸಲ ಬರುವಂಥದ್ದು. ನನ್ನ ಕಣ್ಣು ಅದರ ಮೇಲೆ ನಿಲ್ಲಲೇ ಇಲ್ಲ.

ಎರಡು ರಾತ್ರಿ ಹೀಗೇ ಹೋಯಿತು. ನೋಟೀಸು ಸೇರಿಸು, ಫಂಕ್ಷನ್ ಮತ್ತೆ ಬರೆ, ಓಡಿಸು, ಓದು, ಇನ್ನೊಂದು ಸೇರಿಸು. ಈ ದಾರಿಯ ಕೊರತೆ ಏನು ಎಂದು ನನಗೆ ಸ್ಪಷ್ಟವಾಗಿ ಕಂಡದ್ದು ಆಗಲೇ. ನೋಟೀಸನ್ನು ನಾವು ಅನುಮಾನ ಇರುವ ಜಾಗದಲ್ಲಿ ಮಾತ್ರ ಇಡುತ್ತೇವೆ. ಎಸ್‌ಎನ್‌ಎಫ್ ಸೂತ್ರದ ಆ ಒಂದು ಸಾಲು ನಾಲ್ಕು ವರ್ಷದಿಂದ ಒಂದಕ್ಷರವೂ ಬದಲಾಗದೆ ಸರಿಯಾಗಿ ಓಡಿದ್ದು. ಅಲ್ಲಿ ನೋಟೀಸು ಇಡಬೇಕು ಅಂತ ನನಗೆ ಹೊಳೆಯುವುದಾದರೂ ಹೇಗೆ?

ಆಷಾಢ ಶುಕ್ರವಾರ. ಮನೆಯವರೆಲ್ಲ ಬೆಳಗಿನ ಜಾವವೇ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದರು. ಜನ ನೋಡಿದರೆ ಮಧ್ಯಾಹ್ನಕ್ಕೆ ಮುಂಚೆ ಇಳಿಯುವುದಿಲ್ಲ ಎಂದು ಗೊತ್ತಿತ್ತು. ಮನೆ ನಿಶ್ಶಬ್ದ. ಇವತ್ತು ಡೀಬಗರ್ ಹಾಕಿಯೇ ತೀರುತ್ತೇನೆ ಎಂದು ಕೂತೆ.

ಮೊದಲೇ ಒಂದು ಮಾತು. ಇದನ್ನು ಡೈರಿಯ ಕಂಪ್ಯೂಟರಿನ ಮೇಲೆ ಮಾಡಬಾರದು. ಯಾಕೆ ಎಂದು ಮುಂದೆ ಬರುತ್ತದೆ. ನಾನು ಅಲ್ಲಿಯ ಡೇಟಾಬೇಸನ್ನು ಪಿಜಿ ಡಂಪ್ ಆಜ್ಞೆಯಿಂದ ನಕಲು ಮಾಡಿ ತಂದು ನನ್ನ ಲ್ಯಾಪ್‌ಟಾಪಿನಲ್ಲಿ ಬಿಚ್ಚಿಕೊಂಡೆ. ಉಬುಂಟು 22.04, ಪೋಸ್ಟ್‌ಗ್ರೆಸ್ 14. ಡೈರಿಯಲ್ಲಿ ಇರುವುದೂ ಇದೇ ಜೋಡಿ.

ಬಹಳ ಜನ ತಪ್ಪು ತಿಳಿದಿರುವುದು ಇಲ್ಲಿ: ಪೋಸ್ಟ್‌ಗ್ರೆಸ್ ನೋಡಿಕೊಳ್ಳಲು ಬಳಸುವ ಪಿಜಿಅಡ್ಮಿನ್ ಎಂಬ ಆಪ್ ಒಳಗೆ ಡೀಬಗರ್ ಇಲ್ಲ. ಪಿಜಿಅಡ್ಮಿನ್ ಬರೀ ಕಿಟಕಿ. ನಿಜವಾದ ಡೀಬಗರ್ ಸರ್ವರಿನ, ಅಂದರೆ ಓಡುತ್ತಿರುವ ಪೋಸ್ಟ್‌ಗ್ರೆಸ್‌ನ, ಒಳಗೆ ಕೂರಬೇಕು, ಫಂಕ್ಷನ್ ಓಡುವ ಜಾಗದಲ್ಲೇ ಅದನ್ನು ಹಿಡಿದು ನಿಲ್ಲಿಸಬೇಕು. ಅದನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟವರು ಎಂಟರ್‌ಪ್ರೈಸ್‌ಡಿಬಿ ಕಂಪನಿಯವರು. ವಿಂಡೋಸ್‌ನಲ್ಲಿ ಅವರದೇ ಇನ್‌ಸ್ಟಾಲರ್ ಬಳಸಿದ್ದರೆ ಡೀಬಗರಿನ ಫೈಲು ಆಗಲೇ ಬಂದಿರುತ್ತದೆ. ಉಬುಂಟುವಿನಲ್ಲಿ ಪೋಸ್ಟ್‌ಗ್ರೆಸ್‌ನವರು ನಡೆಸುವ ಆಪ್ಟ್ ರೆಪಾಸಿಟರಿಯಿಂದ (ತಂತ್ರಾಂಶ ಇಳಿಸಿಕೊಳ್ಳುವ ಭಂಡಾರದಿಂದ) ಪಿಎಲ್‌ಡೀಬಗರ್ ಪ್ಯಾಕೇಜನ್ನು ಹಾಕಿಕೊಳ್ಳಬೇಕು. ಪ್ಯಾಕೇಜಿನ ಹೆಸರಿನಲ್ಲೇ ಪೋಸ್ಟ್‌ಗ್ರೆಸ್‌ನ ಆವೃತ್ತಿ ಇರುತ್ತದೆ. ನಿಮ್ಮ ಸರ್ವರ್ 14 ಆದರೆ 14ರದ್ದೇ ಬೇಕು, 15ರದ್ದು ಕೂರುವುದಿಲ್ಲ.

ಇದು ಎರಡು ನಿಮಿಷದ ಕೆಲಸ. ನಾನು ಮುಗ್ಗರಿಸಿದ್ದು ಮುಂದಿನ ಹೆಜ್ಜೆಯಲ್ಲಿ.

ಸರ್ವರ್ ಏಳುವಾಗಲೇ ಡೀಬಗರಿನ ಈ ಲೈಬ್ರರಿ ಫೈಲನ್ನು ಜೊತೆಗೆ ಎಬ್ಬಿಸಬೇಕು. ಅದಕ್ಕೆ ಶೇರ್ಡ್ ಪ್ರಿಲೋಡ್ ಲೈಬ್ರರೀಸ್ ಎನ್ನುವ ಸೆಟ್ಟಿಂಗ್ ಇದೆ. ಅದರಲ್ಲಿ ಪ್ಲಗಿನ್ ಡೀಬಗರ್ ಎಂದು, ನಡುವೆ ಅಡಿಗೆರೆ ಹಾಕಿ, ಬರೆಯಬೇಕು. ನನ್ನಲ್ಲಿ ಅಲ್ಲಿ ಆಗಲೇ ಪಿಜಿ ಸ್ಟಾಟ್ ಸ್ಟೇಟ್‌ಮೆಂಟ್ಸ್ ಎನ್ನುವ ಇನ್ನೊಂದು ಲೈಬ್ರರಿ ಕೂತಿತ್ತು. ಅದನ್ನು ಕಳೆದುಕೊಳ್ಳಬಾರದು. ಹಾಗಾಗಿ ಸೆಟ್ಟಿಂಗ್ ಬದಲಿಸುವ ಆಲ್ಟರ್ ಸಿಸ್ಟಮ್ ಆಜ್ಞೆಯಲ್ಲಿ ಎರಡು ಹೆಸರನ್ನೂ ನಡುವೆ ಅಲ್ಪವಿರಾಮ ಹಾಕಿ ಒಂದೇ ಉದ್ಧರಣ ಚಿಹ್ನೆಯ ಒಳಗೆ ಕೊಟ್ಟೆ. ಕಾನ್ಫಿಗ್ ಫೈಲಿನಲ್ಲಿ ಹಾಗೆಯೇ ಬರೆಯುವುದು ತಾನೆ, ಅದೇ ಅಭ್ಯಾಸ. ಆಜ್ಞೆ ತಕರಾರಿಲ್ಲದೆ ಒಪ್ಪಿಕೊಂಡಿತು. ಇದಕ್ಕೆ ರೀಲೋಡ್ ಸಾಲದು, ರೀಸ್ಟಾರ್ಟೇ ಆಗಬೇಕು. ಮಾಡಿದೆ.

ಸರ್ವರ್ ಏಳಲಿಲ್ಲ.

ಏಳಲಿಲ್ಲ ಎಂದು ತಿಳಿಯುವುದಕ್ಕೂ ಒಂದಷ್ಟು ಹೊತ್ತು ಹಿಡಿಯಿತು. ಉಬುಂಟುವಿನಲ್ಲಿ ಪೋಸ್ಟ್‌ಗ್ರೆಸ್ ಸರ್ವಿಸ್ ಹೇಗಿದೆ ಎಂದು ಸಿಸ್ಟಮ್‌ಸಿಟಿಎಲ್ ಆಜ್ಞೆಯಿಂದ ಕೇಳಿದರೆ ಅದು ಹಸಿರು ಅಕ್ಷರದಲ್ಲಿ ಆಕ್ಟಿವ್ ಎಂದೇ ಹೇಳುತ್ತದೆ. ಅದು ಬರೀ ಹೊರಗಿನ ಕೊಡೆ, ಒಳಗಿನ ಕ್ಲಸ್ಟರ್, ಅಂದರೆ ನಿಜವಾದ ಸರ್ವರ್, ಸತ್ತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಪಿಜಿ ಎಲ್‌ಎಸ್‌ಕ್ಲಸ್ಟರ್ಸ್ ಎಂಬ ಆಜ್ಞೆ ಕೊಟ್ಟಾಗ ಮಾತ್ರ ನಿಜ ಸ್ಥಿತಿ ಬಂತು: ಡೌನ್. ಲಾಗ್ ಫೈಲಿನ ಕೊನೆಯ ಸಾಲುಗಳನ್ನು ನೋಡಿದೆ. ಇಂಥ ಫೈಲು ಸಿಗಲಿಲ್ಲ ಎಂದಿತ್ತು. ಯಾವ ಫೈಲು ಎಂದರೆ ಎರಡೂ ಹೆಸರು, ನಡುವಿನ ಅಲ್ಪವಿರಾಮದ ಸಮೇತ, ಒಟ್ಟಿಗೆ ಒಂದೇ ಹೆಸರು. ನಾನು ಒಂದೇ ಉದ್ಧರಣದಲ್ಲಿ ಕೊಟ್ಟಿದ್ದರಿಂದ ಆಲ್ಟರ್ ಸಿಸ್ಟಮ್ ಅದನ್ನು ಒಂದೇ ಲೈಬ್ರರಿಯ ಹೆಸರೆಂದು ತಿಳಿದು, ಅದರ ಸುತ್ತ ಇನ್ನೊಂದು ಜೋಡಿ ಚಿಹ್ನೆ ಹಾಕಿ ಬರೆದಿಟ್ಟಿತ್ತು. ಅಂಥ ಫೈಲು ಭೂಮಿಯ ಮೇಲೆ ಇಲ್ಲ.

ಆಲ್ಟರ್ ಸಿಸ್ಟಮ್‌ನಲ್ಲಿ ಒಂದೊಂದು ಹೆಸರಿಗೂ ಬೇರೆ ಬೇರೆ ಉದ್ಧರಣ ಹಾಕಿ, ಅಲ್ಪವಿರಾಮವನ್ನು ಚಿಹ್ನೆಗಳ ಹೊರಗೆ ಬಿಡಬೇಕು. ಈಗ ಸರಿಪಡಿಸೋಣ ಎಂದರೆ ಆಜ್ಞೆ ಕೊಡುವುದಕ್ಕೆ ಸರ್ವರೇ ಇಲ್ಲ. ಡೇಟಾ ಡೈರೆಕ್ಟರಿಯಲ್ಲಿ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಡಾಟ್ ಆಟೋ ಡಾಟ್ ಕಾನ್ಫ್ ಎನ್ನುವ ಫೈಲಿದೆ. ಅದರ ತಲೆಯ ಮೇಲೇ ಇದನ್ನು ಕೈಯಿಂದ ತಿದ್ದಬೇಡಿ ಎಂದು ಬರೆದಿರುತ್ತದೆ. ಆದರೆ ಸರ್ವರ್ ಮಲಗಿರುವಾಗ ಬೇರೆ ದಾರಿಯಿಲ್ಲ. ಪೋಸ್ಟ್‌ಗ್ರೆಸ್ ಬಳಕೆದಾರನಾಗಿ ತೆರೆದು ಒಳಗಿನ ಹೆಚ್ಚುವರಿ ಚಿಹ್ನೆಗಳನ್ನು ತೆಗೆದೆ, ಎಬ್ಬಿಸಿದೆ, ಎದ್ದಿತು. ಸೆಟ್ಟಿಂಗನ್ನು ಶೋ ಮಾಡಿ ನೋಡಿದರೆ ಎರಡೂ ಹೆಸರು ಬೇರೆ ಬೇರೆಯಾಗಿ ಕೂತಿದ್ದವು. ಇದು ನನ್ನ ಲ್ಯಾಪ್‌ಟಾಪ್. ಸಂಜೆ ಐದಕ್ಕೆ ಸಾಲಿನಲ್ಲಿ ಕ್ಯಾನು ಹಿಡಿದು ನಿಂತವರ ಮುಂದೆ ಡೈರಿಯ ಕಂಪ್ಯೂಟರಿನಲ್ಲಿ ಇದಾಗಿದ್ದರೆ ಎಂದು ನೆನೆಸಿಕೊಂಡರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಮುಂದಿನದು ಎಕ್ಸ್‌ಟೆನ್ಶನ್, ಡೇಟಾಬೇಸಿಗೆ ಸೇರಿಸುವ ಹೆಚ್ಚುವರಿ ಭಾಗ. ಲೈಬ್ರರಿ ಎದ್ದ ಮೇಲೆ ಪಿಎಲ್‌ಡಿಬಿಜಿಎಪಿಐ ಎನ್ನುವ ಎಕ್ಸ್‌ಟೆನ್ಶನ್ನನ್ನು ಕ್ರಿಯೇಟ್ ಮಾಡಬೇಕು. ಲೈಬ್ರರಿ ಇಡೀ ಸರ್ವರಿಗೆ ಒಂದೇ ಸಲ, ಎಕ್ಸ್‌ಟೆನ್ಶನ್ ಮಾತ್ರ ಪ್ರತಿ ಡೇಟಾಬೇಸಿಗೂ ಬೇರೆ ಬೇರೆ. ನಾನು ಅವಸರದಲ್ಲಿ ಪೋಸ್ಟ್‌ಗ್ರೆಸ್ ಎಂಬ ಹೆಸರಿನ ಮೂಲ ಡೇಟಾಬೇಸಿನಲ್ಲಿ ಮಾಡಿ, ಡೈರಿಯ ಡೇಟಾಬೇಸಿನಲ್ಲಿ ಮೆನು ಯಾಕೆ ಬರಲಿಲ್ಲ ಎಂದು ಹುಡುಕಿದೆ. ಸರಿಯಾದ ಕಡೆ ಮಾಡಿ, ಪಿಜಿಅಡ್ಮಿನ್‌ನಲ್ಲಿ ಸಂಪರ್ಕ ಕಡಿದು ಮತ್ತೆ ಸೂಪರ್‌ಯೂಸರ್ ಆಗಿ ಒಳಗೆ ಹೋದ ಮೇಲೆ ಫಂಕ್ಷನ್ ಮೇಲೆ ಬಲಗುಂಡಿ ಒತ್ತಿದರೆ ಡೀಬಗಿಂಗ್ ಎಂಬ ಸಾಲು ಕಂಡಿತು. ಅದರೊಳಗೆ ಡೀಬಗ್ ಒಂದು, ಸೆಟ್ ಬ್ರೇಕ್‌ಪಾಯಿಂಟ್ ಒಂದು.

ಇವೆರಡರ ವ್ಯತ್ಯಾಸ ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ.

ಡೀಬಗ್ ಒತ್ತಿದರೆ ಪಿಜಿಅಡ್ಮಿನ್ ತಾನೇ ಆ ಫಂಕ್ಷನ್ನನ್ನು ಕರೆಯುತ್ತದೆ. ಯಾವ ಯಾವ ಬೆಲೆ (ದುಡ್ಡಲ್ಲ, ಲೆಕ್ಕಕ್ಕೆ ಬೇಕಾದ ಅಂಕಿ) ಕೊಡಲಿ ಎಂದು ನಿಮ್ಮನ್ನು ಕೇಳಿ, ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ನಾನು ದರಪಟ್ಟಿಯ ಫಂಕ್ಷನ್ನನ್ನು ಹೀಗೆ ತೆರೆದು ಫ್ಯಾಟ್ 3.8, ಎಸ್‌ಎನ್‌ಎಫ್ 8.4 ಕೊಟ್ಟು ಸಾಲು ಸಾಲಾಗಿ ಇಳಿದೆ. ಸ್ಟೆಪ್ ಓವರ್ ಒತ್ತಿದ ಹಾಗೆಲ್ಲ ಬಣ್ಣದ ಪಟ್ಟಿ ಒಂದೊಂದೇ ಸಾಲು ಕೆಳಗಿಳಿಯುತ್ತದೆ, ಕೆಳಗಡೆ ಲೋಕಲ್ ವೇರಿಯಬಲ್‌ಗಳ (ಫಂಕ್ಷನ್ ತನ್ನ ಲೆಕ್ಕದ ಅಂಕಿಗಳನ್ನು ಇಟ್ಟುಕೊಳ್ಳುವ ಹೆಸರುಗಳ) ಬೆಲೆ ಬದಲಾಗುತ್ತಾ ಹೋಗುತ್ತದೆ. ನಾಲ್ಕು ವರ್ಷದಿಂದ ಕತ್ತಲಲ್ಲಿ ನಡೆಯುತ್ತಿದ್ದದ್ದು ಕಣ್ಣೆದುರಿಗೆ ನಡೆಯಿತು. ದರಪಟ್ಟಿಯಲ್ಲಿ ಏನೂ ತಪ್ಪಿರಲಿಲ್ಲ. ಬೇಕಾದರೆ ಓಡುತ್ತಿರುವಾಗಲೇ ವೇರಿಯಬಲ್ ಬೆಲೆಯನ್ನು ತಿದ್ದಿ ಮುಂದಕ್ಕೆ ಬಿಡಬಹುದು. 8.4 ತೆಗೆದು 8.5 ಹಾಕಿ ನೋಡಿದೆ, ರೇಟು 20 ಪೈಸೆ ಏರಿತು. ಎರಡು ರಾತ್ರಿ ನಾನು ಅನುಮಾನಪಟ್ಟ ಫಂಕ್ಷನ್ ನಿರಪರಾಧಿ ಎಂದು ತಿಳಿಯುವುದಕ್ಕೆ ಹತ್ತು ನಿಮಿಷ ಸಾಕಾಯಿತು.

ಒಂದು ಎಚ್ಚರಿಕೆ. ಡೀಬಗ್ ಮಾಡುವಾಗ ಫಂಕ್ಷನ್ ನಿಜವಾಗಿಯೇ ಓಡುತ್ತದೆ. ಅದರೊಳಗೆ ಅಪ್‌ಡೇಟ್ ಇದ್ದರೆ ಟೇಬಲ್ ಬದಲಾಗುತ್ತದೆ, ಡಿಲೀಟ್ ಇದ್ದರೆ ಸಾಲು ಅಳಿಯುತ್ತದೆ. ಇನ್ನೊಂದು ಏನೆಂದರೆ, ಇಂಥ ಸದಸ್ಯರ ಸಾಲು ಬಂದಾಗ ಮಾತ್ರ ನಿಲ್ಲು ಎಂದು ಷರತ್ತು ಹಾಕುವ ಸೌಕರ್ಯ ಈ ಡೀಬಗರಿನಲ್ಲಿ ಇಲ್ಲ. ವಾರದ ಬಟವಾಡೆ ಫಂಕ್ಷನ್‌ನಂತೆ ಸಾವಿರಾರು ಸಾಲು ಸುತ್ತುವ ಲೂಪಿನಲ್ಲಿ ನಿಂತರೆ ಸಂಜೆಯವರೆಗೂ ಗುಂಡಿ ಒತ್ತುತ್ತಾ ಕೂರಬೇಕಾಗುತ್ತದೆ. ಅದಕ್ಕೆ ಕೊಡುವ ದಿನಾಂಕವನ್ನೇ ಒಂದು ದಿನಕ್ಕೆ, ಒಬ್ಬ ಸದಸ್ಯರಿಗೆ ಇಳಿಸಿಕೊಳ್ಳುವುದು ಒಳ್ಳೆಯದು.

ಉಳಿದದ್ದು ಟ್ರಿಗರ್ ಫಂಕ್ಷನ್. ಅದನ್ನು ನೇರವಾಗಿ ಕರೆಯುವುದಕ್ಕೆ ಬರುವುದಿಲ್ಲ, ಟೇಬಲ್‌ಗೆ ಸಾಲು ಬಿದ್ದಾಗ ಮಾತ್ರ ಏಳುವಂಥದ್ದು. ಅದಕ್ಕೇ ಇರುವುದು ಸೆಟ್ ಬ್ರೇಕ್‌ಪಾಯಿಂಟ್. ಅದನ್ನು ಒತ್ತಿದರೆ ಡೀಬಗರ್ ಸುಮ್ಮನೆ ಕಾಯುತ್ತಾ ಕೂರುತ್ತದೆ, ಬೇರೆ ಯಾವುದಾದರೂ ಸೆಷನ್ (ಡೇಟಾಬೇಸಿಗೆ ಬಂದ ಇನ್ನೊಂದು ಸಂಪರ್ಕ) ಆ ಫಂಕ್ಷನ್ನನ್ನು ಕರೆಯಲಿ ಎಂದು. ಯಾರು ಕರೆದರೂ ಅವರನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಯಾರು ಕರೆದರೂ ಎನ್ನುವುದನ್ನು ಗಮನಿಸಿ. ಡೈರಿಯ ಕಂಪ್ಯೂಟರಿನ ಮೇಲೆ ಹೀಗೆ ಮಾಡಿದ್ದರೆ ಮೊದಲು ಹಾಲು ಹಾಕಿದವರ ಚೀಟಿ ಬರದೆ ಕೌಂಟರೇ ಹೆಪ್ಪುಗಟ್ಟಿ ನಿಲ್ಲುತ್ತಿತ್ತು, ಮೈಸೂರಿನಲ್ಲಿ ಕೂತ ನಾನು ಮುಂದಕ್ಕೆ ಬಿಡುವ ತನಕ. ಲೈವ್ ಮೇಲೆ ಬೇಡ ಎಂದದ್ದು ಇದಕ್ಕೇ.

ನಾನು ಇನ್ನೊಂದು ಟರ್ಮಿನಲ್ ತೆರೆದು ಚಿಕ್ಕವ್ವನ ಹಾಲನ್ನೇ ಹಾಕಿದೆ. ಅವಳ ಸದಸ್ಯ ಸಂಖ್ಯೆ, ಆರೂವರೆ ಲೀಟರ್, 3.8, 30. ಎಂಟರ್ ಒತ್ತಿದೆ. ಟರ್ಮಿನಲ್ ಮಿಸುಕದೆ ನಿಂತಿತು. ಪಿಜಿಅಡ್ಮಿನ್ ಎಚ್ಚರಗೊಂಡಿತು.

ಕಾಗದದ ಮೇಲೆ ಮೊದಲೇ ಲೆಕ್ಕ ಹಾಕಿಟ್ಟುಕೊಂಡಿದ್ದೆ. 30ನ್ನು 4ರಿಂದ ಭಾಗಿಸಿದರೆ 7.5. ಫ್ಯಾಟಿನ ಪಾಲು 0.95. ಅದಕ್ಕೆ 0.44. ಒಟ್ಟು 8.89. ಒಂದು ದಶಾಂಶಕ್ಕೆ ಇಳಿಸಿದರೆ 8.9.

ಸ್ಟೆಪ್ ಓವರ್. ಡಿಗ್ರಿ ವೇರಿಯಬಲ್ಲಿಗೆ 30 ಬಂತು. ಸ್ಟೆಪ್ ಓವರ್. ಫ್ಯಾಟಿಗೆ 3.8. ಮತ್ತೆ ಒತ್ತಿದೆ, ಸೂತ್ರದ ಸಾಲು ದಾಟಿತು. ಎಸ್‌ಎನ್‌ಎಫ್ ಎದುರಿಗೆ ಬಂದದ್ದು 8.39.

ಕಾಗದ ನೋಡಿದೆ, ಪರದೆ ನೋಡಿದೆ. ಅರ್ಧ ಕಮ್ಮಿ. ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಸರಿಯಾಗಿ ಅರ್ಧ. ಸೂತ್ರದಲ್ಲಿ ಅರ್ಧ ಇರುವುದು ಒಂದೇ ಕಡೆ, ಏಳೂವರೆಯಲ್ಲಿ.

ಪಿಜಿಅಡ್ಮಿನ್‌ನ ಲೋಕಲ್ ವೇರಿಯಬಲ್ ಪಟ್ಟಿಯಲ್ಲಿ ಮೂರು ಕಾಲಂ ಇವೆ: ಹೆಸರು, ಟೈಪ್, ಬೆಲೆ. ಅಲ್ಲಿಯವರೆಗೆ ನಾನು ಬರೀ ಬೆಲೆಯ ಕಾಲಂ ನೋಡುತ್ತಿದ್ದೆ. ಈಗ ನಡುವಿನ ಕಾಲಂ ನೋಡಿದೆ. ಡಿಗ್ರಿ ಎದುರಿಗೆ ಇಂಟಿಜರ್, ಅಂದರೆ ಪೂರ್ಣ ಸಂಖ್ಯೆ, ಎಂದಿತ್ತು.

ಪೋಸ್ಟ್‌ಗ್ರೆಸ್‌ನಲ್ಲಿ ಇಂಟಿಜರನ್ನು ಇಂಟಿಜರಿನಿಂದ ಭಾಗಿಸಿದರೆ ಉತ್ತರವೂ ಇಂಟಿಜರೇ. 30ನ್ನು 4ರಿಂದ ಭಾಗಿಸಿದರೆ 7. ಉಳಿದ ಅರ್ಧ ಸದ್ದಿಲ್ಲದೆ ಹೋಯಿತು. 28ಕ್ಕೂ 7, 29ಕ್ಕೂ 7, 31ಕ್ಕೂ 7. ಡಿಗ್ರಿ 28 ಬಂದವರಿಗೆ ಸರಿಯಾದ ರೇಟು, 31 ಬಂದವರಿಗೂ 28ರ ರೇಟು. 28ರಿಂದ 31ರವರೆಗೆ ಹಾಲು ಗಟ್ಟಿಯಾದಷ್ಟೂ ನಷ್ಟ ಹೆಚ್ಚು. ಚೆನ್ನಾಗಿ ಮೇವು ಹಾಕಿ, ಹಿಂಡಿ ಕೊಟ್ಟು, ಹಸುವನ್ನು ಮಗುವಿನ ಹಾಗೆ ನೋಡಿಕೊಂಡವರಿಗೇ ನನ್ನ ಫಂಕ್ಷನ್ ಮೋಸ ಮಾಡಿತ್ತು.

ಅದು ಇಂಟಿಜರ್ ಆದದ್ದು ಯಾವಾಗ? ಫಂಕ್ಷನ್ ಓದಿದರೆ ಅಲ್ಲಿ ಇಂಟಿಜರ್ ಎನ್ನುವ ಪದವೇ ಇಲ್ಲ. ಡಿಗ್ರಿ ವೇರಿಯಬಲ್ಲನ್ನು ನಾನು ಪರ್ಸೆಂಟ್ ಟೈಪ್ ಹಾಕಿ ಘೋಷಿಸಿದ್ದೆ. ಅಂದರೆ ಟೇಬಲ್ಲಿನ ಕಾಲಂ ಯಾವ ಟೈಪೋ ಇದೂ ಅದೇ ಟೈಪ್. ಇದು ಒಳ್ಳೆಯ ಅಭ್ಯಾಸ ಎಂದೇ ಎಲ್ಲರೂ ಹೇಳುತ್ತಾರೆ, ನಾನೂ ಕಿರಿಯರಿಗೆ ಹೇಳಿಕೊಟ್ಟಿದ್ದೇನೆ. ಮೇ ತಿಂಗಳ ಕೊನೆಯಲ್ಲಿ ಡೈರಿಗೆ ಹೊಸ ಕಂಪ್ಯೂಟರ್ ಬಂದಾಗ ನಾನು ಟೇಬಲ್ಲುಗಳನ್ನು ಅಚ್ಚುಕಟ್ಟು ಮಾಡಿದ್ದೆ. ಡಿಗ್ರಿ ಕಾಲಂ ನ್ಯೂಮರಿಕ್ ಇತ್ತು, ಅಂದರೆ ದಶಾಂಶವನ್ನೂ ಹಿಡಿದಿಡುವಂಥದ್ದು. ನಾಲ್ಕು ವರ್ಷದ ಡೇಟಾದಲ್ಲಿ ಇದ್ದದ್ದೆಲ್ಲ ಪೂರ್ಣ ಸಂಖ್ಯೆ, ಹಳೆಯ ಟೆಸ್ಟರ್ ಹಾಗೇ ಬರೆಯುತ್ತಿದ್ದರು. ಪೂರ್ಣ ಸಂಖ್ಯೆಗೆ ನ್ಯೂಮರಿಕ್ ಯಾಕೆ ಎಂದು ಇಂಟಿಜರ್ ಮಾಡಿದೆ. ಫಂಕ್ಷನ್ನನ್ನು ಮುಟ್ಟಲಿಲ್ಲ. ಮುಟ್ಟದೆಯೇ ಅದು ಬದಲಾಗಿತ್ತು.

ಪರೀಕ್ಷೆ ಮಾಡಲಿಲ್ಲವೇ ಎಂದು ನೀವು ಕೇಳಬಹುದು. ಮಾಡಿದ್ದೆ. ಒಂದು ಸಾಲು ಹಾಕಿ ಹಳೆಯ ರೇಟಿಗೆ ತಾಳೆ ನೋಡಿದ್ದೆ, ಸರಿ ಬಂದಿತ್ತು. ಆ ಸಾಲಿನಲ್ಲಿ ನಾನು ಹಾಕಿದ್ದ ಡಿಗ್ರಿ 28. ನಾಲ್ಕರಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆ.

ಬೆಟ್ಟಕ್ಕೆ ಹೋದವರು ಬಂದಾಗ ನಾನಿನ್ನೂ ಅದೇ ಕುರ್ಚಿಯಲ್ಲಿ ಕೂತಿದ್ದೆ. ಅತ್ತೆ ಕುಂಕುಮ ಹಚ್ಚಿ, "ಯಾಕಮ್ಮ, ಮುಖ ಹಿಂಗಿದೆ?" ಅಂದರು. ಆರು ವಾರದ ಬಟವಾಡೆ ತಪ್ಪಾಗಿದೆ ಎಂದು ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ವಾಪಸ್ ಕೊಡೋಕಾಗುತ್ತಲ್ಲ?"

ಆಗುತ್ತಿತ್ತು, ದುಡ್ಡು ಡೈರಿಯಲ್ಲೇ ಉಳಿದಿತ್ತು. ಆದರೆ ಲೆಕ್ಕ ಸರಿಪಡಿಸಲು ಹೋದಾಗ ಇನ್ನೊಂದು ಬಯಲಾಯಿತು. ಜೂನ್‌ನಲ್ಲಿ ಡೈರಿಗೆ ಹೊಸ ಟೆಸ್ಟರ್ ಬಂದಿದ್ದ, ಚುರುಕು ಹುಡುಗ. ಅವನು ಕಡ್ಡಿಯನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಿ 28.5, 30.5 ಎಂದು ಅರ್ಧವನ್ನೂ ಬರೆಯುತ್ತಿದ್ದ. ಇಂಟಿಜರ್ ಕಾಲಂಗೆ 28.5 ಎಂಬ ನ್ಯೂಮರಿಕ್ ಕೊಟ್ಟರೆ ಪೋಸ್ಟ್‌ಗ್ರೆಸ್ ತಪ್ಪು ಎಂದು ಹೇಳುವುದಿಲ್ಲ, 29 ಮಾಡಿ ಇಟ್ಟುಕೊಳ್ಳುತ್ತದೆ. ಅವನು ಕಷ್ಟಪಟ್ಟು ನೋಡಿದ ಅರ್ಧ ಡೇಟಾಬೇಸಿನಲ್ಲಿ ಎಲ್ಲೂ ಉಳಿದಿರಲಿಲ್ಲ. ಪುಣ್ಯಕ್ಕೆ ಟೆಸ್ಟರ್ ನೋಟ್‌ಬುಕ್ ಇತ್ತು, ಅವನೇ ಬರೆದದ್ದು, ಹಾಲಿನ ಕಲೆ ಬಿದ್ದ ಪುಟಗಳು.

ಕಾಲಂ ತಿದ್ದುವುದು ಸುಲಭದ ಕೆಲಸ ಅಂದುಕೊಂಡಿದ್ದೆ. ವ್ಯೂ ಒಂದು ಆ ಕಾಲಂ ಹಿಡಿದುಕೊಂಡಿದೆ, ಟೈಪ್ ಬದಲಿಸಲಾಗದು ಎಂದು ಪೋಸ್ಟ್‌ಗ್ರೆಸ್ ತಡೆಯಿತು. ವ್ಯೂ ಅಂದರೆ ಟೇಬಲ್ಲಿನ ಮೇಲೆ ಹೆಸರಿಟ್ಟು ಉಳಿಸಿಕೊಂಡ ಒಂದು ಪ್ರಶ್ನೆ, ಇದು ವಾರದ ವರದಿಯದು. ಇಲ್ಲಿ ಪೋಸ್ಟ್‌ಗ್ರೆಸ್‌ನ ಒಂದು ಗುಣವನ್ನು ಹೊಗಳಲೇಬೇಕು: ಟೇಬಲ್ ರಚನೆ ಬದಲಿಸುವ ಆಜ್ಞೆಗಳೂ ಟ್ರಾನ್ಸಾಕ್ಷನ್ ಒಳಗೆ ನಡೆಯುತ್ತವೆ, ಅಂದರೆ ಆಗುವುದಾದರೆ ಎಲ್ಲ ಆಗುತ್ತವೆ, ಇಲ್ಲದಿದ್ದರೆ ಒಂದೂ ಆಗುವುದಿಲ್ಲ. ವ್ಯೂ ಬೀಳಿಸು, ಕಾಲಂ ನ್ಯೂಮರಿಕ್ ಮಾಡು, ವ್ಯೂ ಮತ್ತೆ ಕಟ್ಟು, ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಮುಗಿಸಿದೆ. ನಡುವೆ ಕರೆಂಟು ಹೋದರೂ ಅರ್ಧಂಬರ್ಧ ಆಗುವ ಭಯವಿಲ್ಲ. ಸೂತ್ರದಲ್ಲೂ 4 ಎಂದಿದ್ದದ್ದನ್ನು 4.0 ಎಂದು ಬರೆದೆ. ನಾಳೆ ನನ್ನಂತೆಯೇ ಇನ್ಯಾರಾದರೂ ಕಾಲಂ ಟೈಪ್ ಬದಲಿಸಿದರೂ ಭಾಗಾಕಾರ ಕೆಡುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಡೀಬಗರ್ ಹಿಡಿದು 27ರಿಂದ 31ರವರೆಗೆ, ಅರ್ಧಗಳನ್ನೂ ಸೇರಿಸಿ, ಒಂಬತ್ತು ಸಾಲು ಇಳಿದು ನೋಡಿದ ಮೇಲೆಯೇ ಡೈರಿಯದ್ದನ್ನು ಮುಟ್ಟಿದ್ದು. ಚೀಟಿಯಲ್ಲಿ ಎಸ್‌ಎನ್‌ಎಫ್ ಅಚ್ಚಾಗುವಂತೆಯೂ ಮಾಡಿದೆ.

ಭಾನುವಾರ ಊರಿಗೆ ಹೋದೆ. ಮಾವ ನೋಟ್‌ಬುಕ್ ಓದುತ್ತಾ ಹೋದರು, ನಾನು ತುಂಬುತ್ತಾ ಹೋದೆ. ಕರೆಂಟು ಎರಡು ಸಲ ಹೋಯಿತು. ಟೆಸ್ಟರ್ ಹುಡುಗ ಟೀ ತಂದುಕೊಟ್ಟು, ತನ್ನ ಅಕ್ಷರ ಅರ್ಥವಾಗದ ಕಡೆ ಬಂದು ಹೇಳುತ್ತಿದ್ದ. 97 ಮನೆಗಳಿಗೆ ಬಾಕಿ ಬಂತು. ಚಿಕ್ಕವ್ವನದು 438 ರೂಪಾಯಿ. ಪ್ರತಿಯೊಬ್ಬರ ಬಾಕಿಯನ್ನೂ ದಿನದ ಪ್ರಕಾರ ಅಚ್ಚು ಹಾಕಿ ಗೋಡೆಗೆ ಅಂಟಿಸಿದೆವು. ನನ್ನ ತಪ್ಪಿನಿಂದ ಆದದ್ದು ಎಂದು ಮೇಲೆ ಬರೆದು ನಾನೇ ಸಹಿ ಹಾಕಿದೆ. ಮಾವ ಬೇಡ ಅಂದರು. "ಇರ್ಲಿ ಮಾವ" ಅಂದೆ.

ಸಂಜೆ ಚಿಕ್ಕವ್ವ ಹಾಲು ತಂದಳು. ಗೋಡೆಯ ಪಟ್ಟಿ ನೋಡಿ ಆಗಿತ್ತು, ಅದರ ಬಗ್ಗೆ ಏನೂ ಹೇಳಲಿಲ್ಲ. "ಸಣ್ಣಗಾಗಿದ್ದೀಯಲ್ಲೇ ಕೂಸೇ, ಊಟ ಗೀಟ ಮಾಡ್ತೀಯೋ ಇಲ್ವೋ?" ಅಂದಳು. ಹುಡುಗ ಕಡ್ಡಿ ತೇಲಿಬಿಟ್ಟು, ಬಗ್ಗಿ, "ಮೂವತ್ತೂವರೆ" ಎಂದು ಕೂಗಿದ. ಫ್ಯಾಟ್ 4.2. ಚೀಟಿ ಹೊರಗೆ ಬಂತು. ಚಿಕ್ಕವ್ವ ಅದನ್ನು ಬೆಳಕಿಗೆ ಹಿಡಿದು, ಹೊಸದಾಗಿ ಸೇರಿದ್ದ ಅಂಕಿಯ ಮೇಲೆ ಬೆರಳಿಟ್ಟು, "ಇದೇನು ಒಂಬತ್ತು ಪಾಯಿಂಟ್ ಒಂದು?" ಎಂದು ಕೇಳಿದಳು. ಅವಳ ಪಕ್ಕದಲ್ಲಿ ನಿಂತು, ನಾಲ್ಕರಿಂದ ಭಾಗಿಸುವುದರಿಂದ ಶುರು ಮಾಡಿ ಹೇಳಿಕೊಟ್ಟೆ.